ಹೊಗಳುವವರು ಒಂದು ಪಾಳಿ ಕೂರಲಿ

ಚಿತ್ರದುರ್ಗದ ಕಡೆ ಹಿರಿಯರೊಬ್ಬರು ವರ್ಷಗಟ್ಟಲೆ ನರಳಿ ತೀರಿಕೊಂಡರೆ, ಶಿವಗಣಾರಾಧನೆಯ ದಿನ ಮೈಕು ಹಿಡಿದವರ ಬಾಯಲ್ಲಿ ತಪ್ಪದೆ ಬರುವ ಮಾತೊಂದಿದೆ: ‘ಆ ಸೊಸೆ ಮಾಡಿದ ಸೇವೆ ಹೊಟ್ಟೇಲಿ ಹುಟ್ಟಿದ ಮಕ್ಕಳೂ ಮಾಡಲ್ಲ ಬಿಡಿ.’ ಕೂತವರೆಲ್ಲ ಹೌದೆಂದು ತಲೆಯಾಡಿಸುತ್ತಾರೆ. ಸೊಸೆ ಆ ಹೊತ್ತಿಗೆ ಒಳಗೆ ಬಡಿಸುವವರ ಕೈಗೆ ಪಾತ್ರೆ ಎತ್ತಿ ಕೊಡುತ್ತಿರುತ್ತಾಳೆ. ಮಾತು ಅವಳ ಕಿವಿಗೆ ಬಿದ್ದರೂ ಬಿತ್ತು, ಬೀಳದಿದ್ದರೂ ಇಲ್ಲ.

ಆ ಮಾತಿನಲ್ಲಿ ಸುಳ್ಳಿಲ್ಲ, ಆಡಿದವರಲ್ಲಿ ಕಪಟವೂ ಇಲ್ಲ. ಆದರೂ ನನಗೊಂದು ತಕರಾರಿದೆ. ಹೊಗಳಿದವರ ಪೈಕಿ ಯಾರಾದರೂ ಆ ವರ್ಷಗಳಲ್ಲಿ ಒಂದು ರಾತ್ರಿ ಬಂದು ಕೂತಿದ್ದರೇ? ಕೂರಬಾರದೆಂದು ಯಾರೂ ನಿರ್ಧರಿಸಿರುವುದಿಲ್ಲ. ಹೊಗಳಿಬಿಟ್ಟರೆ ಕೂತಷ್ಟೇ ಸಮಾಧಾನ ಸಿಗುತ್ತದೆ, ಅಷ್ಟೆ. ಪಾರ್ಕಿನ್ಸನ್ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಗಳ ಮಟ್ಟಿಗಂತೂ ಈ ಹೊಗಳಿಕೆ ಹೊರೆಯನ್ನು ಇಳಿಸುವುದಿಲ್ಲ, ಹೊತ್ತವಳ ತಲೆಗೇ ಇನ್ನಷ್ಟು ಬಿಗಿಯಾಗಿ ಕಟ್ಟುತ್ತದೆ. ಇವತ್ತು ದೇವತೆ ಅನ್ನಿಸಿಕೊಂಡವಳು ನಾಳೆ ‘ನನ್ನ ಕೈಲಾಗಲ್ಲ’ ಎಂದು ಹೇಳುವುದಾದರೂ ಹೇಗೆ?

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದಾಗ ಅವನ ಮುಂದಿದ್ದದ್ದು ಆರು ಜನರ ಕತೆ. ಅವರಲ್ಲಿ ಕೆಲವರನ್ನು ಅವನು ಕಂಡಿದ್ದು ಬೀದಿಯಲ್ಲಿ. ಕಾಯಿಲೆಯನ್ನು ಹಾಗೆ ಗುರುತಿಸಬಹುದು: ಬಾಗಿದ ಬೆನ್ನು, ಕಿರುಹೆಜ್ಜೆ, ನಡುಗುವ ಕೈ. ಆರೈಕೆಯನ್ನು ಬೀದಿಯಲ್ಲಿ ನಿಂತು ಗುರುತಿಸಲಾಗುವುದಿಲ್ಲ. ನಮ್ಮ ನೆಂಟರಿಷ್ಟರ ತೊಂದರೆಯೂ ಇದೇ. ಅವರೆಲ್ಲ ಕಾಯಿಲೆಯನ್ನು ಬೀದಿಯಿಂದ ನೋಡಿದವರು.

ಹೊಳಲ್ಕೆರೆ ಸೀಮೆಯ ಒಂದು ಅಡಿಕೆ ತೋಟದ ಮನೆಯನ್ನು ಊಹಿಸಿಕೊಳ್ಳಿ. ಎಪ್ಪತ್ತು ದಾಟಿದ ಮಾವ, ಮಂಡಿನೋವಿನ ಅತ್ತೆ, ತೋಟ ನೋಡಿಕೊಳ್ಳುವ ಕಿರಿ ಮಗ, ಅವನ ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳು. ಹಿರಿ ಮಗ ಬೆಂಗಳೂರಿನಲ್ಲಿ, ಮಗಳನ್ನು ಹಿರಿಯೂರಿಗೆ ಕೊಟ್ಟಿದೆ. ಬೆಳಗ್ಗೆ ಆರಕ್ಕೆ ಸೊಸೆ ಮಾವನಿಗೆ ಲೆವೊಡೋಪಾ ಮಾತ್ರೆ ಕೊಡುತ್ತಾಳೆ. ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತ ಹೋಗುವುದೇ ಈ ಕಾಯಿಲೆ. ಆ ಕೊರತೆಯನ್ನು ಕೆಲವು ಗಂಟೆಗಳ ಮಟ್ಟಿಗೆ ತುಂಬುವುದು ಈ ಮಾತ್ರೆ. ಅದು ಏರುವತನಕ ಮಾವನಿಗೆ ಮಗ್ಗುಲು ಬದಲಿಸುವುದೂ ಕಷ್ಟ. ಬಚ್ಚಲಿಗೆ ಮಾತ್ರ ಆಗಲೇ ಹೋಗಬೇಕು. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡಬೇಕು. ಬೇಳೆ, ಕಾಳು, ಮೊಟ್ಟೆಯ ಜೊತೆ ಹೊಟ್ಟೆಗೆ ಹೋದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗಬೇಕು, ಈ ಕಾಯಿಲೆಯಲ್ಲಿ ನುಂಗುವುದೇ ತ್ರಾಸು. ಹೀಗಾಗಿ ಮಾವನಿಗೆ ಬೇರೆ ಅಡುಗೆ, ಬೇರೆ ಹೊತ್ತು. ಹತ್ತಕ್ಕೆ, ಎರಡಕ್ಕೆ, ಆರಕ್ಕೆ ಮತ್ತೆ ಮಾತ್ರೆ. ಸಂತೆಯ ದಿನವೂ ಅದೇ ಹೊತ್ತು, ನೆಂಟರ ಮದುವೆಯ ದಿನವೂ ಅದೇ ಹೊತ್ತು. ಅರ್ಧ ಗಂಟೆ ತಡವಾದರೆ ಮೈ ಮರಗಟ್ಟುತ್ತದೆ.

ಹತ್ತರ ಮಾತ್ರೆ ಏರಿದ ಮೇಲೆ, ಹನ್ನೊಂದರ ಸುಮಾರಿಗೆ, ಮಾವ ಗೆಲುವಾಗಿ ಜಗಲಿಯಲ್ಲಿ ಕೂತು ಪೇಪರ್ ಓದುತ್ತಾರೆ. ನೆಂಟರು ಬರುವುದೂ ಆ ಹೊತ್ತಿಗೇ. ಕಿತ್ತಳೆ, ಬ್ರೆಡ್ಡು ಹಿಡಿದು ಬಂದವರು ಕಾಫಿ ಕುಡಿದು, ‘ಚೆನ್ನಾಗೇ ಇದಾರಲ್ಲ, ಎಷ್ಟು ಚೆನ್ನಾಗಿ ಮಾತಾಡಿದ್ರು’ ಎಂದು ಹೊರಡುತ್ತಾರೆ. ಒಂದು ಗಂಟೆಗೆ ಮಾತ್ರೆ ಇಳಿಯುತ್ತದೆ. ಅದೇ ಮನುಷ್ಯ ಹೊಸ್ತಿಲ ಮುಂದೆ ಕಾಲು ನೆಲಕ್ಕಂಟಿದಂತೆ ನಿಂತುಬಿಡುತ್ತಾರೆ. ವಿಚಿತ್ರವೆಂದರೆ, ಹಾಗೆ ಹೊಸ್ತಿಲು ದಾಟಲಾಗದವರು ಮೆಟ್ಟಿಲು ಸಿಕ್ಕರೆ ಹತ್ತಿಬಿಡಬಲ್ಲರು. ನೆಲದ ಮೇಲೆ ಅಡ್ಡ ಗೆರೆಗಳಿದ್ದರೆ ಅವುಗಳ ಮೇಲೆ ಹೆಜ್ಜೆ ಇಟ್ಟು ಹೋಗಬಲ್ಲರು. ಇದು ಕಾಯಿಲೆಯದೇ ಲಕ್ಷಣ, ವೈದ್ಯರಿಗೆಲ್ಲ ಗೊತ್ತಿರುವಂಥದ್ದು. ಗೊತ್ತಿಲ್ಲದ ಅತ್ತಿಗೆ, ನಾದಿನಿಯರ ಕಣ್ಣಿಗೆ ಮಾತ್ರ ಇದು ನಾಟಕ: ‘ನಮ್ಮ ಮುಂದೆ ನಡೀತಾರೆ, ಅವಳ ಮುಂದೆ ನಡೆಯಲ್ಲ. ಅವಳು ಹೆದರಿಸಿಟ್ಟಿರಬೇಕು.’ ಹೊಗಳಿಕೆಯ ಮಗ್ಗುಲಲ್ಲೇ ಅನುಮಾನವೂ ಕೂತಿರುತ್ತದೆ. ಎರಡಕ್ಕೂ ಕಾರಣ ಒಂದೇ, ಮಧ್ಯಾಹ್ನ ಒಂದು ಗಂಟೆಯ ಮೇಲೆ ಅವರು ಆ ಮನೆಯಲ್ಲಿ ಇರುವುದಿಲ್ಲ.

ರಾತ್ರಿಯ ಕತೆ ಇನ್ನೂ ಬೇರೆ. ಮೂರ್ನಾಲ್ಕು ಸಲ ಮೂತ್ರಕ್ಕೆ ಎಬ್ಬಿಸಬೇಕು. ಎದ್ದು ನಿಂತ ತಕ್ಷಣ ರಕ್ತದೊತ್ತಡ ಇಳಿದು ಬೀಳುವ ಭಯ. ಕೆಲವರು ಕನಸಿನಲ್ಲಿ ಕೂಗುತ್ತಾರೆ, ಒದೆಯುತ್ತಾರೆ. ಪಕ್ಕದಲ್ಲಿ ಮಲಗಿದ ಹೆಂಡತಿಗೆ ಏಟು ಬೀಳುವುದೂ ಉಂಟು. ಅಂಗಳದಲ್ಲಿ ಯಾರೋ ಮಕ್ಕಳು ನಿಂತಿದ್ದಾರೆ ಎನ್ನುವವರಿದ್ದಾರೆ. ಕಾಯಿಲೆಯಿಂದಲೂ ಮಾತ್ರೆಯಿಂದಲೂ ಹೀಗೆ ಇಲ್ಲದ್ದು ಕಾಣಿಸಬಹುದು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೊರಡುವ ಹಿರಿಯರಿಗೆ ಇದನ್ನು ವಿವರಿಸುವ ಕೆಲಸವೂ ಸೊಸೆಯದೇ. ವಾಂತಿಯೆಂದು ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಮೆಟೊಕ್ಲೋಪ್ರಮೈಡ್ ಚುಚ್ಚದಂತೆ ನೋಡಿಕೊಳ್ಳಬೇಕು, ಏಕೆಂದರೆ ಆ ಔಷಧಿ ಈ ಕಾಯಿಲೆಯನ್ನು ಉಲ್ಬಣಿಸುತ್ತದೆ. ಎಸ್ಸೆಸ್ಸೆಲ್ಸಿ ಓದಿದ ಹೆಣ್ಣುಮಗಳು ನಾಲ್ಕು ವರ್ಷದಲ್ಲಿ ಅರ್ಧ ನರವೈದ್ಯೆಯಾಗಿರುತ್ತಾಳೆ. ಆ ಜಾಣ್ಮೆಯನ್ನು ಸಭೆಯಲ್ಲಿ ಯಾರೂ ಎತ್ತಿ ಹೇಳುವುದಿಲ್ಲ. ಹೇಳುವುದು ಅವಳ ತಾಳ್ಮೆಯನ್ನು ಮಾತ್ರ.

ಸೇವೆ ಎಂದರೆ ಬಾಯಿಗೆ ತುತ್ತಿಡುವುದು, ಮೈ ಒರೆಸುವುದು, ಕೂತಲ್ಲಿಗೇ ಎಲ್ಲ ತಂದುಕೊಡುವುದು ಎಂದು ನಾವು ನಂಬಿದ್ದೇವೆ. ಪಾರ್ಕಿನ್ಸನ್ ವಿಷಯದಲ್ಲಿ ಈ ನಂಬಿಕೆ ರೋಗಿಗೇ ಕೆಡುಕು. ಮೈ ಆಡಿದಷ್ಟು ದಿನ ಆಡಿಸಬೇಕು. ಅಂಗಿಯ ಗುಂಡಿಯನ್ನು ಅವರೇ ಹಾಕಿಕೊಳ್ಳಬೇಕು, ಇಪ್ಪತ್ತು ನಿಮಿಷವಾದರೂ ಆಗಲಿ. ಒಳ್ಳೆಯ ಆರೈಕೆಯ ಅರ್ಧ ಭಾಗ ಸುಮ್ಮನೆ ಪಕ್ಕದಲ್ಲಿ ನಿಂತು ಕಾಯುವುದು. ಒಲೆಯ ಮೇಲೆ ಹಾಲಿಟ್ಟು, ಮಕ್ಕಳ ಸ್ಕೂಲ್ ಬಸ್ಸಿಗೆ ಓಡುವವಳಿಗೆ ಕಾಯುವ ಪುರಸೊತ್ತೆಲ್ಲಿ? ಅವಳು ಎರಡು ನಿಮಿಷದಲ್ಲಿ ಗುಂಡಿ ಹಾಕಿ ಮುಗಿಸುತ್ತಾಳೆ. ನೋಡಿದವರು ಎಂಥ ಸೇವೆ ಎನ್ನುತ್ತಾರೆ. ಮಾವನ ಬೆರಳು ಮಾತ್ರ ದಿನದಿಂದ ದಿನಕ್ಕೆ ಕೆಲಸ ಮರೆಯುತ್ತವೆ. ಅವಳಲ್ಲಿ ಪ್ರೀತಿಗೆ ಬರವಿಲ್ಲ. ಬರವಿರುವುದು ಹೊತ್ತಿಗೆ.

ಹೀಗಾಗಿ, ‘ಆರೈಕೆ ಮಾಡುವವರು ಮೊದಲು ತಮ್ಮ ಮನಸ್ಸನ್ನು ನೋಡಿಕೊಳ್ಳಬೇಕು, ಧ್ಯಾನ ಮಾಡಿ, ಸಂಗೀತ ಕೇಳಿ, ಒಳ್ಳೆಯದನ್ನು ಯೋಚಿಸಿ’ ಎಂಬ ಸಲಹೆಯನ್ನೂ ನಾನು ಪೂರ್ತಿ ಒಪ್ಪಲಾರೆ. ಖಿನ್ನತೆ ನಿಜ, ಅದಕ್ಕೆ ಚಿಕಿತ್ಸೆಯೂ ಬೇಕು. ಆದರೆ ನಿದ್ದೆಯಿಲ್ಲದವಳಿಗೆ ಬೇಕಾದದ್ದು ನಿದ್ದೆ. ಮುಂಜಾನೆ ಐದಕ್ಕೆ ಎದ್ದು ಧ್ಯಾನ ಮಾಡಿ ಎಂದರೆ ಅವಳ ದಿನಚರಿಗೆ ಇನ್ನೊಂದು ಕೆಲಸ ಸೇರಿಸಿದಂತಾಯಿತು.

ಅಮೆರಿಕದ ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಅದು ಪಾರ್ಕಿನ್ಸನ್ ಬಗ್ಗೆ ಅಲ್ಲ, ಮರೆಗುಳಿತನದ ಹಿರಿಯರನ್ನು ನೋಡಿಕೊಳ್ಳುವವರ ಬಗ್ಗೆ. ಕಾಯಿಲೆ ಹೆಚ್ಚಿದಷ್ಟೂ ನೋಡಿಕೊಳ್ಳುವವರಿಗೆ ಹೊರೆ ಹೆಚ್ಚೆನಿಸುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಅವರಿಗೆ ಸಿಕ್ಕ ಉತ್ತರ ಬೇರೆ. ಕಾಯಿಲೆ ತರುವ ಕಾಟಕ್ಕೂ ಹೊರೆ ಅನ್ನಿಸುವುದಕ್ಕೂ ನಂಟು ಕಾಣಲಿಲ್ಲ. ಮನೆಯ ಇತರ ಸದಸ್ಯರು ಎಷ್ಟು ಸಲ ಬಂದು ಹೋಗುತ್ತಿದ್ದರು ಎಂಬುದಕ್ಕೆ ನಂಟು ಕಂಡಿತು. ಬರುವವರು ಹೆಚ್ಚಿದ್ದಲ್ಲಿ ಹೊರೆ ಕಡಿಮೆ. ಆ ತಂಡ ರೂಪಿಸಿದ ಪ್ರಶ್ನಾವಳಿಯನ್ನು ಪಾರ್ಕಿನ್ಸನ್ ಆರೈಕೆದಾರರ ಮೇಲಿನ ಅಧ್ಯಯನಗಳಲ್ಲೂ ಬಳಸುತ್ತಾರೆ. ಪ್ರಶ್ನಾವಳಿ ಜಗತ್ತೆಲ್ಲ ಹಬ್ಬಿತು, ಅದರ ಮೂಲದಲ್ಲಿದ್ದ ಆ ಸರಳ ಉತ್ತರ ಅಷ್ಟು ಹಬ್ಬಲಿಲ್ಲ.

‘ಅದಕ್ಕೇ ಅಲ್ಲವೇ ಹಿಂದಿನ ಕಾಲದ ಕೂಡುಕುಟುಂಬ ಬೇಕೆನ್ನುವುದು’ ಎಂದು ಹಿರಿಯ ಮಿತ್ರರು ಕೇಳಬಹುದು. ಸ್ವಾಮಿ, ಹೊಳಲ್ಕೆರೆಯ ನಮ್ಮ ತೋಟದ ಮನೆಯೇನು ಒಂಟಿ ಮನೆಯೇ? ಅಲ್ಲಿ ಮೂರು ತಲೆಮಾರಿದೆ. ಆದರೂ ಗಡಿಯಾರ ನೋಡಿ ಮಾತ್ರೆ ಕೊಡುವ ಕೈ ಒಂದೇ. ಕೂಡುಕುಟುಂಬದಲ್ಲಿ ಒಲೆ ಒಂದೇ ಇರುತ್ತದೆ, ನಿಜ. ಅದರ ಮುಂದೆ ಕೂರುವವಳೂ ಒಬ್ಬಳೇ ಇರುತ್ತಾಳೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ಗಂಡಸರಲ್ಲಿ ಶೇ 21ರಷ್ಟು. ತೊಡಗಿದ ಹೆಂಗಸರು ದಿನಕ್ಕೆ 140 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 74. ಮಕ್ಕಳ ಲಾಲನೆಯೂ ಸೇರಿದ ಲೆಕ್ಕ ಇದು. ಹೆಂಡತಿಯ ಪಾರ್ಕಿನ್ಸನ್ನಿಗೆ ಟೊಂಕ ಕಟ್ಟಿ ನಿಂತ ಗಂಡಂದಿರೂ ಇದ್ದಾರೆ, ಅಲ್ಲಗಳೆಯುವುದಿಲ್ಲ. ಅವರಿಗೆ ಅರ್ಧ ಕೆಲಸಕ್ಕೆ ಎರಡರಷ್ಟು ಹೊಗಳಿಕೆ ಸಿಗುತ್ತದೆ ಎಂಬುದು ಬೇರೆ ಮಾತು.

ದುರ್ಗದವರಿಗೆ ಪಾಳಿಯ ಬೆಲೆ ಹೇಳಿಕೊಡಬೇಕಾಗಿಲ್ಲ. ನವೆಂಬರ್ 11ರಂದು ಸರ್ಕಾರವೇ ಒನಕೆ ಓಬವ್ವನ ಜಯಂತಿ ಆಚರಿಸುತ್ತದೆ. ಭಾಷಣಗಳೆಲ್ಲ ಒನಕೆಯ ಸುತ್ತಲೇ ತಿರುಗುತ್ತವೆ. ಆ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದಕ್ಕೆ ಮುಂಚಿನ ಗಳಿಗೆ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ್ದಾಗಲೂ ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆಂದು ಮನೆಗೆ ಹೋಗಿದ್ದ. ಅವನು ಉಣ್ಣುವ ಹೊತ್ತಿನಲ್ಲಿ ಕಿಂಡಿಯ ಬಳಿ ಇನ್ನೊಬ್ಬರಿದ್ದರು, ಕೋಟೆ ಆ ಹೊತ್ತಿಗೆ ಉಳಿಯಿತು. ಅವನ ಮಡದಿ ಓಬವ್ವ ಅಲ್ಲಿದ್ದದ್ದು ಆಕಸ್ಮಿಕ ಎನ್ನಿ. ಹಾಗಾದರೂ, ಯುದ್ಧಕಾಲದ ಕಾವಲುಗಾರನಿಗೂ ಒಂದೂಟದಷ್ಟು ಬಿಡುವು ಸಿಕ್ಕಿತ್ತು. ನಮ್ಮ ಸೊಸೆಗೆ ಅದೂ ಇಲ್ಲ. ಮಾವನ ಕೆಮ್ಮಿಗೆ ಕಿವಿಗೊಟ್ಟೇ ಅವಳು ತುತ್ತೆತ್ತುತ್ತಾಳೆ.

ಕಾನೂನಿನ ಕಡೆ ಬರೋಣ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆ ಎಲ್ಲರಿಗೂ ಗೊತ್ತು. ನೋಡಿಕೊಳ್ಳದ ಮಕ್ಕಳಿಂದ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಒಳ್ಳೆಯದೇ. ಆದರೆ ಆ ಕಾಯ್ದೆಯ ಕಣ್ಣಿಗೆ ಬೀಳುವುದು ಬಿಟ್ಟು ಹೋದವರು. ಬಿಡದೆ ಉಳಿದವಳಿಗೆ ಅದರಲ್ಲಿ ಜಾಗವಿಲ್ಲ. ಅವಳಿಗೆ ಜಾಗ ಕೊಟ್ಟದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದು ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಒಂದು. ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ಮನೆಯವರನ್ನೂ ಆರೈಕೆದಾರರೆಂದು ಅದು ಕರೆಯುತ್ತದೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತನ್ನೂ ಆಡುತ್ತದೆ. ಅದರ ಬೆನ್ನಿಗೆ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024ರ ಫೆಬ್ರುವರಿಯ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಘೋಷಿಸಿತು.

ಸಾವಿರ ರೂಪಾಯಿ ಯಾವ ಮೂಲೆಗೆ ಎಂದು ಮೂಗು ಮುರಿಯುವವರಿದ್ದಾರೆ. ಲೆಕ್ಕದಲ್ಲಿ ಅವರೇ ಸರಿ. ಆ ವರ್ಷ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 349 ರೂಪಾಯಿ ಇತ್ತು; ಸಾವಿರವೆಂದರೆ ಮೂರು ದಿನದ ಕೂಲಿಯೂ ತುಂಬುವುದಿಲ್ಲ. ಆದರೂ ನಾನು ಮೂಗು ಮುರಿಯಲಾರೆ. ಇಷ್ಟು ದಿನ ‘ಮನೇಲಿರ್ತಾಳೆ’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತಿದ್ದ ಕೆಲಸವನ್ನು ಸರ್ಕಾರ ಮೊದಲ ಸಲ ಕೆಲಸವೆಂದು ಬರೆದುಕೊಂಡಿತು. ನನ್ನ ಚಿಂತೆ ಇರುವುದು ಅರ್ಜಿಯ ಹಾದಿಯಲ್ಲಿ. ಪಾರ್ಕಿನ್ಸನ್ ಅಂಗವೈಕಲ್ಯದ ಪಟ್ಟಿಯಲ್ಲಿದೆ ಎಂಬುದೇ ಹೊಸದುರ್ಗದ ಎಷ್ಟು ಮನೆಗಳಿಗೆ ತಿಳಿದಿದೆ? ಪ್ರಮಾಣಪತ್ರಕ್ಕೆ ಹೋಗುವ ದಿನ ಮನೆಯವರು ಹಿರಿಯರಿಗೆ ಸ್ನಾನ ಮಾಡಿಸಿ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು, ಇಸ್ತ್ರಿ ಅಂಗಿ ತೊಡಿಸಿ ಕರೆದೊಯ್ಯುತ್ತಾರೆ. ಮಾತ್ರೆ ಏರಿದ ಹೊತ್ತಿನ ಮನುಷ್ಯ ವೈದ್ಯರ ಮುಂದೆ ತಕ್ಕಮಟ್ಟಿಗೆ ನಡೆದೂ ತೋರಿಸುತ್ತಾರೆ. ಜಗಲಿಗೆ ಬಂದ ನೆಂಟರಿಗೆ ಆದ ಭ್ರಮೆ ವೈದ್ಯರಿಗೂ ಆದರೆ ಶೇಕಡಾವಾರು ಇಳಿಯುತ್ತದೆ. ಏರಿಳಿತದ ಎರಡೂ ಹೊತ್ತಿನ ಸ್ಥಿತಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ಸುಳ್ಳು ಹೇಳಿದಂತಾಗದು, ಪೂರ್ತಿ ನಿಜ ಹೇಳಿದಂತಾಗುತ್ತದೆ.

ದುಡ್ಡಿನ ಜೊತೆಗೆ ಕೈಯೂ ಬೇಕು. ಗಡಿಯಾಚೆಯ ಕಾಸರಗೋಡಿನ ಕನ್ನಡ ಮನೆಗಳಿರುವುದು ಕೇರಳದ ಆಡಳಿತದಲ್ಲಿ. ಅಲ್ಲಿನ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆದಾರರಿಗೆ ನಿಗದಿಯಾಗಿದ್ದದ್ದು ತಿಂಗಳಿಗೆ 600 ರೂಪಾಯಿ, ನಮ್ಮದಕ್ಕಿಂತ ಕಡಿಮೆ. ಆದರೆ ಕೋಯಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಉಪಶಾಮಕ ಆರೈಕೆಯ ಚಳವಳಿ ಅಲ್ಲಿನ ಪಂಚಾಯ್ತಿಗಳಿಗೆ ಮನೆಬಾಗಿಲಿಗೆ ನರ್ಸು ಕಳಿಸುವುದನ್ನು ಕಲಿಸಿತು, ಊರವರಿಗೆ ಸ್ವಯಂಸೇವಕರಾಗಿ ಹೋಗುವುದನ್ನು ಕಲಿಸಿತು. ನಮ್ಮಲ್ಲಿ ಅಂಥ ವ್ಯವಸ್ಥೆಯ ಬೇರೇ ಇಲ್ಲ ಎನ್ನಲಾಗದು. ಗ್ರಾಮ ಪಂಚಾಯ್ತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅಂಗವಿಕಲರೇ ಆದವರು, ಅಲ್ಪ ಗೌರವಧನಕ್ಕೆ ದುಡಿಯುವವರು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಪಂಚಾಯ್ತಿಗಳು ‘ಕೂಸಿನ ಮನೆ’ ತೆರೆದಿವೆ. ಕೂಸಿನ ತಾಯಿಗೆ ಕೆಲವು ಗಂಟೆ ಬಿಡುವು ಬೇಕೆಂದು ಒಪ್ಪಿದ ಸರ್ಕಾರ, ಹಿರಿಯರನ್ನು ನೋಡಿಕೊಳ್ಳುವವಳಿಗೂ ಬೇಕೆಂದು ಒಪ್ಪಲು ಅಡ್ಡಿಯೇನು? ಹಿರಿಯರನ್ನು ಎಲ್ಲೋ ಕರೆದೊಯ್ದು ಕೂರಿಸಬೇಕೆಂದಲ್ಲ, ಅವರ ಮಾನಕ್ಕೆ ಅದು ಕುಂದಾಗಿ ಕಾಣಬಹುದು. ತರಬೇತಾದ ಒಬ್ಬರು ವಾರಕ್ಕೆ ಎರಡು ಮಧ್ಯಾಹ್ನ ಮನೆಗೇ ಬಂದು ಕೂತರೆ ಸಾಕು.

ಇದು ಪಟ್ಟಣದ ಚಿಂತೆ, ಹಳ್ಳಿಯಲ್ಲಿ ಇಂಥ ಕಾಯಿಲೆಯೆಲ್ಲ ಎಲ್ಲಿದೆ ಎನ್ನುವವರೂ ಉಂಟು. ನಿಮ್ಹಾನ್ಸಿನ ಡಾ. ಎಂ. ಗೌರೀದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಸುತ್ತಲಿನ ಹಳ್ಳಿಗಳ ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದಾಗ, ನರಸಂಬಂಧಿ ಕಾಯಿಲೆಗಳು ನಗರಕ್ಕಿಂತ ಹಳ್ಳಿಗಳಲ್ಲೇ ಸುಮಾರು ಎರಡರಷ್ಟಿದ್ದವು. ತಜ್ಞರಿರುವುದು ಮಾತ್ರ ಪಟ್ಟಣದಲ್ಲಿ. ಚಿತ್ರದುರ್ಗದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ 200 ಕಿಲೋಮೀಟರ್. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಇಳಿಸಬೇಕಾದವರನ್ನು ಬಸ್ಸಿನಲ್ಲಿ ಕರೆದೊಯ್ದು ತರುವುದೆಂದರೆ ಒಂದಿಡೀ ದಿನದ ಪಾಳಿ. ಅದೂ ಅವಳ ಹೆಸರಿಗೇ.

ಸರ್ಕಾರ ಮಾಡುವುದು ಮಾಡಲಿ. ಬೆಂಗಳೂರಿನಲ್ಲಿರುವ ಹಿರಿ ಮಗನಿಗೆ ನಾನು ಕೇಳುವುದಿದೆ. ‘ತಿಂಗಳು ತಿಂಗಳು ದುಡ್ಡು ಕಳಿಸ್ತೀನಲ್ಲ’ ಎನ್ನುತ್ತೀರಿ, ನಿಜ. ತಮ್ಮನ ಹೆಂಡತಿಗೆ ಬೇಕಿರುವುದು ತಿಂಗಳಿಗೆ ಎರಡು ಶನಿವಾರದ ರಾತ್ರಿ. ಬನ್ನಿ, ತಂದೆಯ ಮಗ್ಗುಲಲ್ಲಿ ನೀವೇ ಮಲಗಿ. ಅವಳು ಬಾಗಿಲು ಹಾಕಿಕೊಂಡು ಬೆಳಗಿನವರೆಗೆ ನಿದ್ದೆ ಮಾಡಲಿ. ಹಿರಿಯೂರಿನ ಮಗಳು ತವರಿಗೆ ಬಂದಾಗ ಅಪ್ಪನ ಕಾಲೊತ್ತಿ ಕಣ್ಣೀರು ಹಾಕುವುದರ ಜೊತೆಗೆ ಎರಡು ದಿನದ ಮಾತ್ರೆಯ ಹೊತ್ತನ್ನು ತನ್ನ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಲಿ.

ಇದನ್ನೆಲ್ಲ ಬಾಯಿಬಿಟ್ಟು ಕೇಳಿದರೆ ಮನೆಯಲ್ಲಿ ಜಗಳವಾಗುತ್ತದೆ, ಅದಕ್ಕೇ ಸೊಸೆ ಕೇಳುವುದಿಲ್ಲ ಎನ್ನುತ್ತಾರೆ. ಆಗಲಿ. ಹಿಸ್ಸೆಯ ದಿನ ಅಳತೆಯವರನ್ನು ಕರೆಸಿ ಗುಂಟೆಗುಂಟೆಗೂ ಜಗಳವಾಡುವ ನಾವು ಗಂಟೆಗಳಿಗಾಗಿ ಒಮ್ಮೆ ಜಗಳವಾಡಿದರೆ ತಪ್ಪೇನಿಲ್ಲ. ಆಸ್ತಿ ಹಂಚುವಾಗ ‘ಪ್ರೀತಿಗೆ ಬೆಲೆ ಕಟ್ಟುತ್ತೀರಾ’ ಎಂದು ಯಾರೂ ಯಾರನ್ನೂ ಕೇಳುವುದಿಲ್ಲವಲ್ಲ.

ಆ ಜಗಳಕ್ಕೆ ಕೂರುವ ಮುಂಚೆ ಒಂದು ಹಾಳೆಯಲ್ಲಿ ದಿನದ 24 ಗಂಟೆಯನ್ನೂ ಒಂದರ ಕೆಳಗೊಂದು ಬರೆದು, ಪ್ರತಿ ಗಂಟೆಯ ಮುಂದೆ ಆಗ ಹಿರಿಯರ ಹತ್ತಿರ ಇರುವವರ ಹೆಸರು ಹಾಕಿ. ಬಹುಪಾಲು ಮನೆಗಳಲ್ಲಿ ಒಂದೇ ಹೆಸರು ಮೇಲಿನಿಂದ ಕೆಳಗಿನವರೆಗೆ ಬರುತ್ತದೆ. ಎಲ್ಲಿಂದ ಬದಲಿಸಬೇಕೆಂದು ನನ್ನನ್ನು ಕೇಳಿದರೆ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಸಾಲುಗಳಿಂದ, ವಾರಕ್ಕೆ ಎರಡು ರಾತ್ರಿಯಂತೆ. ಬೆಳಗ್ಗೆ ಹನ್ನೊಂದರ ಸಾಲನ್ನು ಕೊನೆಗೆ ಇಟ್ಟುಕೊಳ್ಳಿ. ಅದಕ್ಕೆ ಹೆಸರು ಕೊಡಲು ಎಲ್ಲರೂ ಮುಂದೆ ಬರುತ್ತಾರೆ.